ತಾರೀಕು ಕೇಳಿಕೊಂಡು ಹಬ್ಬವಾ?

"ಯೇಸು ಡಿಸೆಂಬರ್ 25ಕ್ಕೇ ಹುಟ್ಟಿದ್ದು ಅಂತ ಬೈಬಲಿನಲ್ಲಿ ಎಲ್ಲುಂಟು ಬಾಯಮ್ಮಾ?"

ಬೇಲಿಯಾಚೆಯ ಜಗಲಿಯಲ್ಲಿ ಬಾಯಮ್ಮ ಹಿಟ್ಟಿನ ಗೋಲಿಯನ್ನು ಫೋರ್ಕಿನ ಬೆನ್ನಿಗೊತ್ತಿ ಸುರುಳಿ ಸುತ್ತುತ್ತಿದ್ದರು. ಕ್ರಿಸ್ಮಸ್ಸಿನ ತಿಂಡಿಗಳಾದ ಕುಸ್ವಾರಿನಲ್ಲೊಂದು, ಕಿಡಿಯೊ ಅದು. ತಲೆಯೆತ್ತಲಿಲ್ಲ. "ಎಲ್ಲಿಯೂ ಇಲ್ಲ ಮಾರಾಯ್ರೆ. ತಾರೀಕು ಕೇಳಿಕೊಂಡು ಹಬ್ಬ ಮಾಡುವುದಾ?"

ಮಾತು ಸರಿಯೇ. ಲೂಕನಲ್ಲಿ ಕುರುಬರಿದ್ದಾರೆ, ಮತ್ತಾಯನಲ್ಲಿ ನಕ್ಷತ್ರವಿದೆ, ತಾರೀಕು ಮಾತ್ರ ಇಲ್ಲ. ಅದು ಸಿಗುವುದು ರೋಮಿನ 354ರ ಪಂಚಾಂಗದಲ್ಲಿ. ಅದೇ ಕಟ್ಟಿನಲ್ಲಿ ಆ ದಿನಕ್ಕೆ ಸೂರ್ಯದೇವನ ಉತ್ಸವವೂ ಬರೆದಿದೆ. ಸೂರ್ಯನ ಹಬ್ಬವನ್ನೇ ಕದ್ದರು ಎಂದು ವಾಟ್ಸಾಪಿನ ಪಂಡಿತರು ತೀರ್ಪು ಕೊಟ್ಟುಬಿಡುತ್ತಾರೆ. ಮರಿಯಮ್ಮ ಗರ್ಭ ಧರಿಸಿದ್ದು ಮಾರ್ಚ್ 25 ಎಂದಿಟ್ಟು ಒಂಬತ್ತು ತಿಂಗಳು ಎಣಿಸಿದ್ದು ಎನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಹೆಚ್ಚು ಸರಿ ಕಾಣುತ್ತದೆ. ಹೆರಿಗೆಯ ಲೆಕ್ಕ ಹಾಕದ ಊರುಂಟೇ?

ಇನ್ನು ಕ್ರಿಸ್ಮಸ್ ಮರ, ಅದು ಜರ್ಮನಿಯದು. ವಿಕ್ಟೋರಿಯಾ ರಾಣಿಯ ಮನೆಯ ಮರದ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಬಂದದ್ದೇ ತಡ, ಇಂಗ್ಲೆಂಡಿಗೆಲ್ಲ ಆ ಹುಚ್ಚು ಹತ್ತಿತು. ಗೋದಲಿಯ ಕತೆ ಇನ್ನೂ ಹಳತು: 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ, ಹುಲ್ಲನ್ನೇ ತರಿಸಿದ್ದರು. ಆದರೆ ಮ್ಯಾಸಚೂಸೆಟ್ಸಿನ ಪ್ಯೂರಿಟನ್ನರಿಗೆ ಕ್ರಿಸ್ಮಸ್ಸೇ ಆಗದು. 1659ರಿಂದ 1681ರವರೆಗೆ ಅಲ್ಲಿ ಹಬ್ಬ ಮಾಡಿದವರಿಗೆ ಐದು ಶಿಲಿಂಗ್ ದಂಡ.

"ಕ್ರಿಸ್ತಾಂವರೇ ದಂಡ ಹಾಕಿದ್ದಾ?" ಬಾಯಮ್ಮನ ಕೈ ಈಗ ನಿಂತಿತು.

"ಹೌದು. ಬೈಬಲಿನಲ್ಲಿ ಇಲ್ಲವಲ್ಲ ಅಂತ."

"ಹಾಗಾದರೆ ನಮ್ಮ ಮೊಂತಿ ಫೆಸ್ತಿಗೆ ಎಷ್ಟು ದಂಡ ಹಾಕುತ್ತಿದ್ದರೋ!"

ಅದೂ ನಿಜ. ಸೆಪ್ಟೆಂಬರ್ 8 ಮರಿಯಮ್ಮನ ಜನ್ಮದಿನ. ಮಂಗಳೂರಿನ ಕೆಥೋಲಿಕರಿಗೆ ಅದೇ ಮೊಂತಿ ಫೆಸ್ತ್, ತೆನೆಹಬ್ಬ. ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಮಕ್ಕಳು ದಿನವೂ ಬಾಲಮರಿಯಮ್ಮನಿಗೆ ಹೂವು ಹಾಕುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಹೊಸ ಭತ್ತದ ನಾಲ್ಕು ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಮೀನಿಲ್ಲ, ಮಾಂಸವಿಲ್ಲ, ಬಾಳೆಲೆ ಊಟ. ಬೇಲಿಯ ಈಚೆ ನಾವೂ ಕದಿರು ಕಟ್ಟಿ ಮನೆ ತುಂಬಿಸಿಕೊಳ್ಳುವವರೇ. ಗದ್ದೆ ಒಂದೇ ಆದಾಗ ಭತ್ತ ಬೇರೆ ಬೇರೆ ದಿನ ತೆನೆ ಬಿಡುತ್ತದೆಯೇ?

"ಪಲ್ಯಗಳು ಮಾತ್ರ ಬೆಸ ಸಂಖ್ಯೆಯಲ್ಲೇ ಇರಬೇಕು," ಎಂದರು ಬಾಯಮ್ಮ. "ಐದು, ಏಳು, ಒಂಬತ್ತು."

"ಅದು ಯಾಕೆ?"

"ಅತ್ತೆ ಹಾಗೆ ಮಾಡುತ್ತಿದ್ದರು. ಕುವೈತಿನಲ್ಲಿರುವ ಮಗನಿಗೆ ತೆನೆಯ ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತೇನೆ. ಪಲ್ಯ ಎಷ್ಟು ಮಾಡಿದಿ ಅಂತ ಫೋನು ಮಾಡಿ ಕೇಳುತ್ತೇನೆ. ಎರಡು ಅಂದರೆ, ಉಪ್ಪಿನಕಾಯಿ ಸೇರಿಸಿ ಮೂರು ಮಾಡು ಅನ್ನುತ್ತೇನೆ."