ಒರಿಜಿನಲ್ ಬೇಕೇ, ಒರಿಜಿನಲ್!

ಭಾನುವಾರ ಊಟ ಮುಗಿಸಿ ಎಲೆಗೆ ಸುಣ್ಣ ಸವರುತ್ತಿದ್ದ ಭಾವನ ಕಿವಿಗೆ ಅಕ್ಕನ ಮಗಳು ಫೋನ್ ಹಿಡಿದಳು. ಅವಳೇ ಹಾಡಿದ ಹೊಸ ಕವರ್ ಸಾಂಗು. ಭಾವ ಅರ್ಧ ನಿಮಿಷ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನಿಜವಾದ ಕಾಳಜಿಯಿಂದ ಕೇಳಿದರು: "ಏನಮ್ಮಾ, ಜ್ವರ ಬಂದಿದ್ದಾಗ ಹಾಡಿದ್ಯಾ?"

"ಅಪ್ಪಾ, ಅದು ಅನ್‌ಪ್ಲಗ್ಡ್!"

ಅನ್‌ಪ್ಲಗ್ಡ್ ಅಂದರೇನೆಂದು ತಿಳಿಯದವರಿಗೆ ಹೇಳುತ್ತೇನೆ. ಹಾಡಿನಿಂದ ಮೊದಲು ತಬಲಾ ತೆಗೆಯುತ್ತಾರೆ. ಆಮೇಲೆ ಪಿಟೀಲು, ಆಮೇಲೆ ಕೊಳಲು. ಅದಾದ ಮೇಲೆ ತಾಳ ಅರ್ಧಕ್ಕೆ ಇಳಿಯುತ್ತದೆ. ಕಡೆಗೆ ವ್ಯಂಜನಗಳೂ ಎಲೆಯಿಂದ ಎದ್ದು ಹೋಗಿ, 'ಹ' 'ಅ' ಆಗಿ, 'ಳ' 'ಲ' ಆಗಿ, ಒಂದು ಗಿಟಾರು ಮತ್ತು ಒಂದು ನಿಟ್ಟುಸಿರು ಉಳಿಯುತ್ತವೆ. ಹಾಡುವವರು ಮೈಕಿಗೆ ಎಷ್ಟು ಹತ್ತಿರ ಇರುತ್ತಾರೆಂದರೆ ಅವರು ಬೆಳಿಗ್ಗೆ ಏನು ತಿಂಡಿ ತಿಂದರೆಂದು ಹೇಳಿಬಿಡಬಹುದು.

ಈ ರೆಕಾರ್ಡಿಂಗ್ ನಡೆದದ್ದು ಅಕ್ಕನ ಬೀರುವಿನಲ್ಲಿ. ರೇಷ್ಮೆ ಸೀರೆಗಳು ಎಕೋ ಹೀರಿಕೊಳ್ಳುತ್ತವಂತೆ. ತಲೆ ಬೀರುವಿನ ಒಳಗೆ, ಕಾಲು ಹೊರಗೆ. ನುಸಿಗುಳಿಗೆ ವಾಸನೆಗೆ ಎರಡು ಟೇಕಿನಲ್ಲಿ ಸೀನಿ ಮೂರನೆಯದನ್ನು ಓಕೆ ಮಾಡಿದಳು. ಹೊರಗೆ ಬಂದು ಅವಳು ಮಾಡಿದ ಮೊದಲ ಕೆಲಸವೆಂದರೆ ಆ್ಯಪ್‌ನಲ್ಲಿ ಎಕೋ ಸೇರಿಸಿದ್ದು.

ಹಾಡು 'ಕಸ್ತೂರಿ ನಿವಾಸ'ದ ಗೊಂಬೆಯ ಹಾಡು. 1971ರ ಸಿನಿಮಾ, ಜಿ.ಕೆ. ವೆಂಕಟೇಶರ ಸಂಗೀತ, ಪಿ.ಬಿ. ಶ್ರೀನಿವಾಸರ ದನಿ. ಬೀಳಿಸಿದರೂ ಎದ್ದು ಕೂರುವ ಗೊಂಬೆ ಅದು. ಬೀರುವಿನ ಆವೃತ್ತಿಯಲ್ಲಿ ಬಿದ್ದದ್ದು ಏಳಲೇ ಇಲ್ಲ.

"ಒರಿಜಿನಲ್ ಮುಟ್ಟಬಾರದು ಕಣಮ್ಮಾ," ಎಂದರು ಭಾವ. "ಟೆಂಟಲ್ಲಿ ಮೂರು ಸಲ ನೋಡಿದೀನಿ ನಾನು. ಕೇಳು ಹೇಗಿದೆ ಅಂತ." ಎಂದು ತಾವೇ ಎತ್ತಿಕೊಂಡರು. ಚರಣದಲ್ಲಿ ಒಂದು ಸಾಲು ಮುಗಿದ ಕೂಡಲೇ ಚಮಚದಿಂದ ಸ್ಟೀಲ್ ಲೋಟಕ್ಕೆ ಒಂದು ಏಟು: ಟಿಣ್. ಇನ್ನೊಂದು ಸಾಲು, ಇನ್ನೊಂದು ಟಿಣ್. ಅಕ್ಕನ ಮದುವೆಯಾದಾಗಿನಿಂದ ಈ ಟಿಣ್ ಕೇಳುತ್ತಿದ್ದೇನೆ. ಎದುರಿಗೆ ಲೋಟವಿಲ್ಲದಿದ್ದರೆ ಸ್ಕೂಟರಿನ ಕನ್ನಡಿಗೆ ಉಗುರಿನಿಂದ ಹೊಡೆಯುತ್ತಾರೆ. ಮನುಷ್ಯರಿಗೆ ಒಂದೊಂದು ಚಟವಿರುತ್ತದೆ ಎಂದು ಸುಮ್ಮನಿದ್ದೆ.

ಅಲ್ಲಿಂದ ವಾದ ಶುರುವಾಯಿತು. ಇದುವರೆಗಿನ ಅತಿ ಕೆಟ್ಟ ಕವರ್ ಯಾವುದು? ಭಾವ ತಕ್ಷಣ, "ನಿಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವ" ಎಂದರು. ಹೌದು, ಅದನ್ನು ಮರೆಯುವ ಹಾಗಿಲ್ಲ. ನಾಲ್ಕನೇ ಮಹಡಿಯ ನಿವೃತ್ತ ಇಂಜಿನಿಯರೊಬ್ಬರು ಶಲ್ಯ ಹೊದ್ದು ಬಂದು 'ಜೀವನ ಚೈತ್ರ'ದ 'ನಾದಮಯ'ಕ್ಕೆ ಕೈ ಹಾಕಿದ್ದರು. ರಾಜ್‌ಕುಮಾರ್ ಅವರಿಗೆ 1992ರ ಸಾಲಿನ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡು. ಇಂಥ ಹಾಡಿಗೆ ಹೊರಟವರನ್ನು ತಡೆಯಬೇಕಾದವರು ಮನೆಯವರು. ಅವರು ಮುಂದಿನ ಸಾಲಿನಲ್ಲಿ ಕೂತು ವೀಡಿಯೊ ಮಾಡುತ್ತಿದ್ದರು.

ಕರೋಕೆ ಟ್ರ್ಯಾಕಿಗೆ ದಯೆಯಿಲ್ಲ. ಹಿಂದೆ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಹಾಡುಗಾರ ಎಡವಿದರೆ ತಬಲಾದವನು ಒಂದು ಸುತ್ತು ಹೆಚ್ಚಿಗೆ ಬಾರಿಸಿ ಕಾಯುತ್ತಿದ್ದ, ಕೀಬೋರ್ಡಿನವನು ಅದೇ ಬಿಟ್ ಮತ್ತೊಮ್ಮೆ ನುಡಿಸಿ ಕಣ್ಣಲ್ಲೇ 'ಈಗ ಬಾ' ಅನ್ನುತ್ತಿದ್ದ. ಟ್ರ್ಯಾಕು ಹಾಗಲ್ಲ, ತಪ್ಪಿಸಿಕೊಂಡವನಿಗಾಗಿ ನಿಲ್ಲದ ಎಕ್ಸ್‌ಪ್ರೆಸ್ ಬಸ್ಸು. ಪರದೆಯ ಮೇಲೆ ಅಕ್ಷರಗಳು ನೀಲಿಯಾಗುತ್ತಾ ಮುಂದೆ ಓಡಿದವು, ಇಂಜಿನಿಯರು ಕೆಂಪಾಗುತ್ತಾ ಹಿಂದೆ ಉಳಿದರು. ಟ್ರ್ಯಾಕು ಎರಡನೇ ಚರಣ ಮುಗಿಸಿ ಹೋದ ಮೇಲೂ ಅವರು ಮೊದಲನೆಯದರ ಮೆಟ್ಟಿಲ ಮೇಲೇ ಇದ್ದರು. ಮೇಲಿನ ಸ್ವರ ಸಿಗದಾಗ ಕೈ ಎತ್ತಿದರು, ಕೈಗಾದರೂ ಸಿಕ್ಕೀತು ಅಂತ.

ಆದರೂ ನಾನು ಅವರನ್ನು ಕ್ಷಮಿಸುತ್ತೇನೆ. ಬೆಟ್ಟ ಹತ್ತಲು ಹೋಗಿ ಬಿದ್ದವರು ಅವರು. ಬೀರುವಿನ ಪಂಥದವರದು ಬೇರೆ ಕಥೆ. ಅವರು ಬೆಟ್ಟವನ್ನೇ ಕೆತ್ತಿ ನೆಲಸಮ ಮಾಡಿ, ಮೇಲೆ ಚಾಪೆ ಹಾಸಿ, 'ಬೆಟ್ಟಕ್ಕೆ ಹೊಸ ಭಾವ ಕೊಟ್ಟೆ' ಅನ್ನುತ್ತಾರೆ.

ಇದಕ್ಕೆಲ್ಲ ಕಾನೂನು ಇಲ್ಲವೇ? ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 31ಸಿ ಎಂಬ ಕಲಮು ಸೇರಿದೆ. ಹಾಡಿನ ಒಡೆಯರನ್ನು ಒಪ್ಪಿಸದೆ ಈ ಕಲಮಿನ ಬಲದ ಮೇಲೆ ಕವರ್ ಮಾಡಬೇಕೆಂದರೆ ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಾಯಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಮುಂಚಿತವಾಗಿ ಕಟ್ಟಬೇಕು. ಹೊದಿಕೆಯ ಮೇಲೆ ಹಳೆಯ ಗಾಯಕರ ಹೆಸರು, ಚಿತ್ರ ಹಾಕುವಂತಿಲ್ಲ, 'ಇದು ಕವರ್' ಎಂದು ಅಚ್ಚು ಹಾಕಲೇಬೇಕು. ಎಲ್ಲಕ್ಕಿಂತ ಚೆಂದದ್ದು ಇದು: ತಾಂತ್ರಿಕವಾಗಿ ಅನಿವಾರ್ಯವಲ್ಲದ ಯಾವ ಬದಲಾವಣೆಯನ್ನೂ ಹಾಡಿಗೆ ಮಾಡಕೂಡದು. ನಿಟ್ಟುಸಿರು ತಾಂತ್ರಿಕ ಅನಿವಾರ್ಯತೆಯೇ ಎಂದು ಯಾರಾದರೂ ಕೋರ್ಟಿಗೆ ಹೋದರೆ ಪರಪ್ಪನ ಅಗ್ರಹಾರದಲ್ಲಿ ಗಿಟಾರು ಇಡಲು ಜಾಗ ಸಾಲದು. ಇಲ್ಲಿ ನಡೆಯುತ್ತಿರುವುದೋ, ಬೆಳಿಗ್ಗೆ ಹಾಡು ಬಿಡುಗಡೆ, ಮಧ್ಯಾಹ್ನ ಕವರ್, ಸಂಜೆಗೆ ಆ ಕವರಿನ ಕವರ್, ರಾತ್ರಿ ಅದನ್ನೇ ನಿಧಾನ ಮಾಡಿ ಮಳೆ ಸದ್ದು ಸೇರಿಸಿದ್ದು.

"ಹೋಗಲಿ, ಅತಿ ಒಳ್ಳೇ ಕವರ್ ಯಾವುದು ಮಾವಾ?" ಎಂದಳು ಅಕ್ಕನ ಮಗಳು.

ಇದಕ್ಕೆ ಉತ್ತರ ಹುಡುಕಲು ಹೋಗಿ ಸರ್ಕಾರವೇ ಸುಸ್ತಾದದ್ದು ಅವಳಿಗೆ ಗೊತ್ತಿರಲಿಲ್ಲ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಪದ ಯಾವುದೆಂದು ತೀರ್ಮಾನವಾಯಿತು, ಮಟ್ಟು ಯಾವುದೆಂದು ಆಗಲಿಲ್ಲ. ಮೈಸೂರು ಅನಂತಸ್ವಾಮಿಯವರದು ಒಂದು ಮಟ್ಟು, ಸಿ. ಅಶ್ವಥ್ ಅವರದು ಇನ್ನೊಂದು. ಶಾಲೆಯಲ್ಲಿ ಒಂದು ಕಲಿತ ಮಗು ಕಾರ್ಯಕ್ರಮದಲ್ಲಿ ಇನ್ನೊಂದಕ್ಕೆ ಬಾಯಿ ಆಡಿಸುತ್ತಿತ್ತು. ಸಮಿತಿ ಕೂತಿತು, ಎದ್ದಿತು, ಮತ್ತೊಂದು ಸಮಿತಿ ಕೂತಿತು. ಕಡೆಗೆ ಎಚ್.ಆರ್. ಲೀಲಾವತಿಯವರ ಸಮಿತಿಯ ಶಿಫಾರಸಿನಂತೆ 2022ರ ಸೆಪ್ಟೆಂಬರಿನಲ್ಲಿ ಆದೇಶ ಹೊರಬಿತ್ತು: ಅನಂತಸ್ವಾಮಿಯವರ ಮಟ್ಟು, ಎರಡು ನಿಮಿಷ ಮೂವತ್ತು ಸೆಕೆಂಡು. ಹದಿನೆಂಟು ತುಂಬಿ ವೋಟು ಹಾಕುವ ವಯಸ್ಸಿಗೆ ಬಂದ ಮೇಲೆ ನಾಡಗೀತೆಗೆ ಅಧಿಕೃತ ಮಟ್ಟು ಸಿಕ್ಕಿತು. ಸುಮ್ಮನಾದೆವೇ? ಹೈಕೋರ್ಟಿಗೆ ಹೋದೆವು. 2024ರಲ್ಲಿ ಅರ್ಜಿ ವಜಾ ಆಯಿತು. ಒಂದೇ ಹಾಡಿನ ಎರಡು ಮಟ್ಟಿನ ನಡುವೆ ರಿಟ್ ಅರ್ಜಿ ಹಾಕುವಷ್ಟು ಸಂಗೀತಪ್ರೇಮ ನಮ್ಮದು. ಯಾರ ಪಕ್ಷವೆಂದು ನನ್ನನ್ನು ಕೇಳಬೇಡಿ. ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ, ಓನರ್ ಅಶ್ವಥ್ ಪಕ್ಷ.

ಋಷಿಮೂಲ, ನದೀಮೂಲ ಹುಡುಕಬಾರದು ಎಂದ ಹಿರಿಯರು ಹಾಡಿನ ಮೂಲವನ್ನೂ ಸೇರಿಸಿಬಿಡಬೇಕಿತ್ತು. 'ಮೂಲ, ಮೂಲ' ಎಂದು ನರಳುತ್ತಾ ಕೂತಲ್ಲಿ ಕೂರಲಾಗದ ಕಾಯಿಲೆಗೆ ನಮ್ಮ ಭಾಷೆಯಲ್ಲಿ ಮೊದಲೇ ಒಂದು ಹೆಸರಿದೆ.

ಶಿಶುನಾಳ ಶರೀಫರನ್ನೇ ನೋಡಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಗ್ರಾಮಫೋನಿನವರು ಈ ದೇಶಕ್ಕೆ ಬರುವ ಮೊದಲೇ ಹೊರಟುಹೋದ ದನಿ. 2008ರಲ್ಲಿ ರಘು ದೀಕ್ಷಿತ್ ಶರೀಫರ ಗುಡಗುಡಿಗೆ ಗಿಟಾರಿನ ಕೆಂಡ ಹಾಕಿ ಹೊಗೆ ಎಬ್ಬಿಸಿದಾಗ, "ಶರೀಫರ ಹಾಡು ಹಾಳಾಯ್ತು" ಎಂದು ಹಣೆ ಚಚ್ಚಿಕೊಂಡವರ ಕಿವಿಯಲ್ಲಿ ಇದ್ದದ್ದು ಶರೀಫರಲ್ಲ, ಅಶ್ವಥ್. ಅದಕ್ಕೂ ಮೊದಲು ಅಶ್ವಥರನ್ನು ಕೇಳಿ, 'ನಮ್ಮೂರ ಭಜನಿ ಮ್ಯಾಳದಾಗ ಹಿಂಗಲ್ಲೋ ತಮ್ಮಾ' ಅಂದುಕೊಂಡ ಅಜ್ಜ ಹಾವೇರಿ ಕಡೆ ಎಲ್ಲೋ ಇದ್ದೇ ಇದ್ದಿರಬೇಕು. ನನ್ನ ವೋಟು ಆ ಗುಡಗುಡಿಗೇ. ಶರೀಫರ ಪದಕ್ಕೆ ಬೇಕಾದ ತುಂಟತನ, ಒರಟುತನ ಎರಡೂ ಅಲ್ಲಿವೆ. ಸದ್ಯ, ಯಾರೂ ಪಿಸುಗುಟ್ಟಿಲ್ಲ.

ಇನ್ನು ಪುರಂದರದಾಸರು. ದಾಸರು ಯಾವ ಮಟ್ಟಿನಲ್ಲಿ ಹಾಡಿಕೊಂಡು ಬೀದಿ ಸುತ್ತಿದರೋ ಕೇಳಿದವರಿಲ್ಲ. ಆದರೂ ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮ ಮನೆಯಲ್ಲಿ ಭಾಗ್ಯದ ಲಕ್ಷ್ಮಿಯನ್ನು ಕರೆಯುವ ವಿಷಯಕ್ಕೆ ಜಗಳ. ಅಮ್ಮನಿಗೆ ಮಧ್ಯಮಾವತಿಯೇ ಬೇಕು, ಹೆಂಡತಿಗೆ ಭೀಮಸೇನ ಜೋಶಿ. ಮಧ್ಯಮಾವತಿಯ ಲಕ್ಷ್ಮಿ ಆರತಿ ತಟ್ಟೆ ಎತ್ತುವ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಾಳೆ. ಜೋಶಿಯವರ ಲಕ್ಷ್ಮಿ ಬರುವಷ್ಟರಲ್ಲಿ ಕೋಸಂಬರಿ ನೀರು ಬಿಟ್ಟಿರುತ್ತದೆ. ಆದರೆ ಬಂದಳೆಂದರೆ ಬಾಗಿಲು ಸಾಲದು.

ಮತ್ತೆ ಈ ಕಾಲದ ಕಥೆ. 'ಉಪೇಂದ್ರ' 1999ರ ಸಿನಿಮಾ. ಅದರಲ್ಲಿನ ಗುರುಕಿರಣ್ ಅವರ 'ಏನಿಲ್ಲ' ಹಾಡು 2024ರಲ್ಲಿ ಒಂದು ರೀಲ್‌ನಿಂದ ಎದ್ದು ಊರೆಲ್ಲ ಸುತ್ತಿತು. ಅಕ್ಕನ ಮಗಳ ಗೆಳತಿಗೆ ಆ ರೀಲೇ ಒರಿಜಿನಲ್. ಸಿನಿಮಾದ ಹಾಡು ಕೇಳಿಸಿದರೆ, "ಓ, ಇದಕ್ಕೆ ಲಾಂಗ್ ವರ್ಷನ್ನೂ ಇದೆಯಾ ಅಂಕಲ್?" ಎಂದಳು.

ಈಗ ಗುಟ್ಟೊಂದು ಹೇಳಬೇಕು. ಹೋದ ದೀಪಾವಳಿಗೆ ಅಕ್ಕನ ಮನೆಯ ಅಟ್ಟ ಗುಡಿಸುವಾಗ ಬೂಟಿನ ಡಬ್ಬಿಯೊಂದರಲ್ಲಿ ಕ್ಯಾಸೆಟ್ಟುಗಳು ಸಿಕ್ಕವು. ಮದುವೆಯಾದ ಹೊಸತರಲ್ಲಿ ಭಾವ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಕೊಂಡವು. ಒಂದರ ಮೇಲೆ ಕೈ ಮುಗಿದು ನಗುವ ರಾಜ್‌ಕುಮಾರ್, ಕೆಳಗೆ ದಪ್ಪಕ್ಷರದಲ್ಲಿ ಸಿನಿಮಾಗಳ ಹೆಸರು. ಅಂಚಿನಲ್ಲಿ ಇರುವೆ ಸಾಲಿನಂಥದ್ದೇನೋ ಕಂಡಿತು. ಫೋನಿನ ಟಾರ್ಚು ಬಿಟ್ಟು ಓದಿದೆ. 'ಗಾಯನ' ಎಂದಿತ್ತು, ಮುಂದೆ ನಾನು ಅದುವರೆಗೂ ಕೇಳದ, ಆಮೇಲೂ ಕೇಳದ ಎರಡು ಹೆಸರು. ಡಬ್ಬಿಯ ಪಕ್ಕದಲ್ಲೇ ಇದ್ದ ಟೂ ಇನ್ ಒನ್ ಅನ್ನು ಎರಡೇಟು ಹೊಡೆದು ಎಬ್ಬಿಸಿದೆ. ಪೆನ್ಸಿಲ್ ತೂರಿಸಿ ಟೇಪು ಬಿಗಿ ಮಾಡಿ ಹಾಕಿದೆ. ಗೊಂಬೆ ಹಾಡು ಬಂತು. ಪಾಪ, ಹಾಡಿದವನು ತಪ್ಪೇನೂ ಮಾಡಿರಲಿಲ್ಲ, ಪಿ.ಬಿ.ಎಸ್ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟಿದ್ದ. ವಾದ್ಯಗೋಷ್ಠಿಗೆ ದುಡ್ಡಿರಲಿಲ್ಲವೇನೋ, ಎಲ್ಲಕ್ಕೂ ಒಂದೇ ಕೀಬೋರ್ಡು. ಚರಣದಲ್ಲಿ ಮೊದಲ ಸಾಲು ಮುಗಿಯಿತು. ಕೀಬೋರ್ಡಿನವನು ಒಂದು ಗಂಟೆ ಸದ್ದು ಒತ್ತಿದ: ಟಿಣ್.

ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ ಅಟ್ಟದ ಮೂಲೆಗೆ ತಳ್ಳಿ ಇಳಿದು ಬಂದೆ. ಅಕ್ಕನ ಸಂಸಾರ.

ಆದರೆ ಈ ಭಾನುವಾರ ಅಕ್ಕನ ಮಗಳು ಸೋಲೊಪ್ಪುವ ಹಾಗೆ ಕಾಣಲಿಲ್ಲ. "ಒರಿಜಿನಲ್ ಒರಿಜಿನಲ್ ಅಂತೀರಲ್ಲ, ತಗೊಳ್ಳಿ ಕೇಳೋಣ," ಎಂದು ಸಿನಿಮಾದ ಹಾಡನ್ನೇ ಹುಡುಕಿ ಸ್ಪೀಕರಿಗೆ ಹಾಕಿದಳು. ಭಾವ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಪಲ್ಲವಿಗೆ ತಲೆಯಾಡಿಸಿದರು. ಚರಣ ಬಂತು. ಬಲಗೈಯ ಚಮಚ ತಾನಾಗಿ ಮೇಲೆದ್ದಿತು. ಸಾಲು ಮುಗಿಯಿತು. ಸ್ಪೀಕರಿನಿಂದ ಟಿಣ್ ಬರಲಿಲ್ಲ.

ಚಮಚ ಗಾಳಿಯಲ್ಲೇ ನಿಂತಿತು. ಭಾವ ಕಣ್ಣು ಬಿಟ್ಟು ಮಗಳನ್ನು, ಸ್ಪೀಕರನ್ನು, ಮತ್ತೆ ಮಗಳನ್ನು ನೋಡಿದರು. ನಾನು ಅಡಿಕೆ ಡಬ್ಬಿಯಲ್ಲಿ ಏನನ್ನೋ ಹುಡುಕತೊಡಗಿದೆ.

"ಯಾರೋ ಕಿತ್ತೋದವರು ಎಡಿಟ್ ಮಾಡಿದಾರೆ ಕಣೇ," ಎಂದರು. "ಆರಿಸು ಇದನ್ನ. ಒರಿಜಿನಲ್ ಹಾಕು."