ಅಜಾಹಾರ ಮೀಮಾಂಸೆ: ಸಾಂಗಲಿ, ಮಿರಜ, ಜತ್ತ ಪ್ರಾಂತ್ಯಕ್ಕೆ

ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ಪೂರ್ವಪಕ್ಷ. ಈ ಗಾದೆ ಕಟ್ಟಿದವನು ಆಡು ಸಾಕಿದವನಲ್ಲ, ದೂರ ನಿಂತು ನೋಡಿದವನು. ಮುಟ್ಟುವುದೇನೋ ನಿಜ. ಮೂಸುತ್ತದೆ, ಕುಡಿ ಚಿವುಟುತ್ತದೆ, ಮಿಕ್ಕದ್ದನ್ನು ತುಳಿದು ಮುಂದಿನ ಬೇಲಿಗೆ ಹೋಗುತ್ತದೆ. ತಾನೇ ತುಳಿದ ಮೇವನ್ನು ಮತ್ತೆ ತಿನ್ನುವುದಿಲ್ಲ. ಇಷ್ಟು ಮಡಿ ನಮ್ಮ ಮನೆಗಳಲ್ಲೂ ಉಳಿದಿಲ್ಲ. ಅದಕ್ಕೇ ಬಲ್ಲವರು ಸೊಪ್ಪನ್ನು ಕಟ್ಟಿ ಮೇಲೆ ತೂಗುಹಾಕುತ್ತಾರೆ.

ಪುಸ್ತಕಗಳು ಮೇವನ್ನು ಹಸಿ, ಒಣ, ದಾಣಿ ಎಂದು ವಿಂಗಡಿಸುತ್ತವೆ. ಅದು ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಗೆ ಸರಿ. ಆಡಿನ ವಿಷಯದಲ್ಲಿ ಮೇವು ಬಂದ ದಾರಿಯೇ ಅದರ ಬೆಲೆಯನ್ನೂ ಅಪಾಯವನ್ನೂ ಹೇಳುತ್ತದೆ. ಆದ್ದರಿಂದ ಈ ಶಾಸ್ತ್ರದಲ್ಲಿ ವರ್ಗಗಳು ಐದು: ಕ್ರೀತ, ಯಾಚಿತ, ಛಿನ್ನ, ಚೋರಿತ, ಉತ್ಸವಜ.

ಕ್ರೀತವೆಂದರೆ ರೊಕ್ಕ ಕೊಟ್ಟು ತಂದದ್ದು. 30 ಕಿಲೋ ತೂಗುವ ಆಡಿಗೆ ದಿನಕ್ಕೆ ನೀರಿನಂಶ ಬಿಟ್ಟು ಸುಮಾರು ಒಂದು ಕಿಲೋ ಆಹಾರ ಬೇಕು. ಅದರ ಬಹುಪಾಲು ಸೊಪ್ಪು ಹೊಟ್ಟುಗಳಿಂದಲೇ ತುಂಬುವುದರಿಂದ ದಾಣಿ ಒಂದೆರಡು ಮುಷ್ಟಿ ಸಾಕು. ತೊಗರಿ ಹೊಟ್ಟು, ಕಡಲೆ ಹೊಟ್ಟು, ಶೇಂಗಾ ಹೊಟ್ಟು ಈ ವರ್ಗದ ಸಜ್ಜನರು. ಇವುಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ದುರ್ಜನ ಯಾರೆಂದರೆ ಅರ್ಧ ಬೆಲೆಗೆ ಸಿಕ್ಕ, ಬೂಸಲು ಹಿಡಿದ ಶೇಂಗಾ ಹಿಂಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಹುಡುಕಿದರೆ ಕಾರಣ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಹಾಗೆ. ಹಿಂಡಿಯನ್ನು ಎರಡು ದಿನ ಬಿಸಿಲಿಗೆ ಹರವಿ ಬೂಸಲು ಕೊಡವಿದರೆ ಶುದ್ಧವಾಯಿತೆಂದು ನಂಬುವವರಿದ್ದಾರೆ. ಬಿಸಿಲು ಬೂಸಲನ್ನು ಒಣಗಿಸುತ್ತದೆ, ವಿಷವನ್ನಲ್ಲ.

ಯಾಚಿತ ಎಂದರೆ ಕೇಳಿ ತಂದದ್ದು. ಕಾರಖಾನೆಗಳ ಹಂಗಾಮಿನಲ್ಲಿ ಕೃಷ್ಣೆಯ ಬದಿಯ ಊರುಗಳಲ್ಲೆಲ್ಲ ಕಬ್ಬಿನ ಸೋಗೆಯ ಹಬ್ಬ. ಕಡಿಯುವ ಗ್ಯಾಂಗಿನವರಿಗೆ ಒಂದು ಚಹಾದ ರೊಕ್ಕ ಕೊಟ್ಟರೆ ಹೊರೆ ಸಿಗುತ್ತದೆ. ಆದರೆ ಸೋಗೆಯಲ್ಲಿರುವ ಆಕ್ಸಲೇಟ್ ಆಡಿನ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬರೀ ಸೋಗೆಯಲ್ಲೇ ಹಂಗಾಮು ಕಳೆದ ಹಾಲಿನ ಆಡು ಆ ಸಾಲವನ್ನು ತನ್ನ ಎಲುಬಿನಿಂದ ತೀರಿಸುತ್ತದೆ. ಜೊತೆಗೆ ಬೇಳೆಕಾಳಿನ ಹೊಟ್ಟು, ಖನಿಜ ಮಿಶ್ರಣ ಇರಲೇಬೇಕು. ತಾಸಗಾಂವ ಕಡೆಯ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಛಾಟಣಿಗೆ ರಾಶಿ ಎಲೆ ಬೀಳುತ್ತದೆ. ಅದು ಆಡಿಗೆ ಮೃಷ್ಟಾನ್ನ. ಕೇಳುವಾಗ ‘ಎಲೆ ಒಯ್ಯಲೇನ್ರಿ’ ಎಂಬುದಕ್ಕಿಂತ ಮೊದಲು ‘ಕಡೀ ಔಷಧ ಯಾವಾಗ ಹೊಡದ್ರಿ’ ಎಂದು ಕೇಳಬೇಕು. ಮೈಲುತುತ್ತ ಬೆರೆತ ಬೋರ್ಡೋ ದ್ರಾವಣ ಬಿದ್ದ ಎಲೆಯನ್ನು ಆಡು ಒಂದು ಮಟ್ಟಿಗೆ ತಡೆದುಕೊಂಡೀತು, ಪಕ್ಕದಲ್ಲಿ ಕಟ್ಟಿದ ಮಡಗ್ಯಾಳ ಕುರಿ ತಡೆಯದು. ತಾಮ್ರ ಕುರಿಗೆ ಬೇಗ ವಿಷವಾಗುತ್ತದೆ.

ಛಿನ್ನವೆಂದರೆ ಕಡಿದು ತಂದದ್ದು: ಬೋರೆ, ಬೇವು, ಜಾಲಿ, ಸುಬಾಬುಲ್. ಬದುವಿನಲ್ಲಿ ಸುಬಾಬುಲ್ ಇದ್ದವನು ಹಿಂಡಿಯ ಖರ್ಚು ಅರ್ಧ ಉಳಿಸಿದಂತೆ. ಅದರಲ್ಲೂ ಮಿಮೋಸಿನ್ ಎಂಬ ವಿಷವಿದೆ. ಹೆಚ್ಚಾದರೆ ಕೂದಲು ಉದುರುತ್ತದೆ. ಮೇವಿನ ಮೂರನೇ ಒಂದು ಪಾಲು ಮೀರಬಾರದು. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ರೇಮಂಡ್ ಜೋನ್ಸ್, ಹವಾಯಿಯ ಆಡುಗಳು ಇದನ್ನೇ ತಿಂದು ಗಟ್ಟಿಮುಟ್ಟಾಗಿರುವುದನ್ನು ಬೆನ್ನಟ್ಟಿ, ಅವುಗಳ ಹೊಟ್ಟೆಯಲ್ಲಿ ಆ ವಿಷವನ್ನು ಕರಗಿಸುವ ಬ್ಯಾಕ್ಟೀರಿಯಾ ಇದೆಯೆಂದು ತೋರಿಸಿದರು. 1992ರಲ್ಲಿ ಅದಕ್ಕೆ ಸಿನರ್ಜಿಸ್ಟೆಸ್ ಜೋನ್ಸಿಯೈ ಎಂದು ನಾಮಕರಣವಾಯಿತು. ಆಡಿನ ಹೊಟ್ಟೆಯಲ್ಲಿ ಹೆಸರು ಅಮರವಾಗುವ ಯೋಗ ಎಷ್ಟು ವಿದ್ವಾಂಸರಿಗಿದೆ?

ಚೋರಿತವೆಂದರೆ ಕದ್ದು ಮೇದದ್ದು, ಈ ವರ್ಗದ ಕರ್ತೃ ಸ್ವತಃ ಆಡು. ಜತ್ತದ ಗಡಿಯಲ್ಲಿ ಅದಕ್ಕೆ ಎರಡು ರಾಜ್ಯಗಳ ಗಡಿ ತಕರಾರಿನ ಮಹಾಜನ ವರದಿಯ ಗೊಡವೆಯಿಲ್ಲ. 2022ರಲ್ಲಿ ಅಲ್ಲಿನ ಹಳ್ಳಿಗಳವರು ನೀರು ಕೊಡದಿದ್ದರೆ ಕರ್ನಾಟಕ ಸೇರುತ್ತೇವೆಂದಾಗ ಎರಡು ಸರ್ಕಾರಗಳು ಎಚ್ಚರಗೊಂಡವು. ಆಡು ಬೆಳಿಗ್ಗೆ ಒಂದು ರಾಜ್ಯದಲ್ಲಿ ಮೇದು ಸಂಜೆ ಇನ್ನೊಂದರಲ್ಲಿ ಮೆಲುಕು ಹಾಕಿದರೆ ಯಾರೂ ಕೇಳುವುದಿಲ್ಲ. ಆದರೆ ಈ ಶಾಸ್ತ್ರದ ಬುಡವೇ ಅಲುಗಾಡುವುದು ಇಲ್ಲಿ. ಚೆನ್ನಾಗಿ ಒಣಗಿದ ಮಾಲದಂಡಿ ಜೋಳದ ಕಣಿಕೆ ಪರಮ ಸುರಕ್ಷಿತ. ಅದೇ ಜೋಳ ಕೊಯ್ದ ಮೇಲೆ ಚಿಗುರಿದ ಕೂಳೆ, ಅಥವಾ ಮಳೆ ಕೈಕೊಟ್ಟು ಮೊಣಕಾಲೆತ್ತರಕ್ಕೇ ಬಾಡಿ ನಿಂತ ಪೈರು, ಹೊಟ್ಟೆ ಸೇರಿದೊಡನೆ ಸಯನೈಡ್ ಬಿಡುತ್ತದೆ. ಉಸಿರು ಕಟ್ಟಿ, ಜೊಲ್ಲು ಸುರಿಸಿ, ಗಂಟೆಯೊಳಗೆ ಆಡು ಬೀಳಬಹುದು. ಡಾಕ್ಟರು ಥಯೋಸಲ್ಫೇಟ್ ಸೂಜಿ ಹಿಡಿದು ಬರುವಷ್ಟು ಹೊತ್ತು ಅದಕ್ಕಿರುವುದಿಲ್ಲ. ಹಾಗಾದರೆ ಜೋಳವನ್ನು ಯಾವ ವರ್ಗಕ್ಕೆ ಹಾಕೋಣ? ಸಸ್ಯದ ಹೆಸರಿನಿಂದ ಹಾಕಲಾಗದು, ಅದರ ವಯಸ್ಸು ಕೇಳಿಯೇ ಹಾಕಬೇಕು. ಈ ವರ್ಷ ಬಿತ್ತಿದವರಾರು, ಕೊಯ್ದದ್ದೆಂದು, ಮಳೆ ಬಂದದ್ದೆಂದು ಎಂಬ ಹಳ್ಳಿಯ ಹರಟೆಕಟ್ಟೆಯ ಸಮಾಚಾರಗಳೇ ಈ ಶಾಸ್ತ್ರದ ಪ್ರಮಾಣಗಳು.

ಕೊನೆಯದು ಉತ್ಸವಜ, ಪೂರ್ತಿ ಪುಕ್ಕಟೆ. ಮದುವೆ ಮನೆಯ ಉಳಿದ ಅನ್ನ, ಶಿರಾ, ರೊಟ್ಟಿ ಬುಟ್ಟಿಗಟ್ಟಲೆ ಸುರಿದರೆ ಹೊಟ್ಟೆಯಲ್ಲಿ ಹುಳಿ ಏರಿ ಆಡು ಮರುದಿನ ಎದ್ದೇಳುವುದಿಲ್ಲ. ತಿಂದದ್ದು ಗೊತ್ತಾದೊಡನೆ ಡಾಕ್ಟರನ್ನು ಕರೆದು ಅಡುಗೆ ಸೋಡಾದ ಲೆಕ್ಕ ಕೇಳಬೇಕು. ಇದರ ಉಪಭೇದ ನಿರ್ಮಾಲ್ಯ. ಗಣಪತಿ ವಿಸರ್ಜನೆಯ ಮರುದಿನ ಕೃಷ್ಣೆಯ ಘಾಟಿನಲ್ಲಿ ಬಿದ್ದಿರುವ ಹಾರಗಳಲ್ಲಿ ಕಣಗಿಲೆ ಹೂವೂ ಎಲೆಯೂ ಇದ್ದರೆ ಅದು ಹೃದಯವನ್ನೇ ನಿಲ್ಲಿಸುವ ವಿಷ. ಆ ಬೆಳಿಗ್ಗೆ ಘಾಟಿನ ಕಡೆ ಆಡು ಬಿಡಬಾರದು, ದೇವರ ಪ್ರಸಾದ ಎಂದು ಯಾರಾದರೂ ತಂದು ಹಾಕಿದರೂ ತೆಗೆದು ತಿಪ್ಪೆಯ ತಳಕ್ಕೆ ಮುಚ್ಚಬೇಕು.