ಪುಸ್ತಕಕಲಂಕ ಮೀಮಾಂಸೆ

ವಾಚಕನಿಗೆ ಪರಮಪ್ರಿಯವಾದ ಗ್ರಂಥ ಯಾವುದೆಂಬುದನ್ನು ನಿರ್ಣಯಿಸಲು ಲೋಕವು ಇದುವರೆಗೆ ಆಶ್ರಯಿಸಿರುವುದು ಅವನ ಬಾಯಿಮಾತನ್ನು. ಆದರೆ ಕೇಳುವವನು ಪಂಡಿತನಾದರೆ ಪಂಪಭಾರತವನ್ನೂ, ಭಾವೀ ಮಾವನಾದರೆ ಭಗವದ್ಗೀತೆಯನ್ನೂ ಹೆಸರಿಸುವ ಆ ಬಾಯಿಯನ್ನು ಆಪ್ತವಾಕ್ಯವೆಂದು ಅಂಗೀಕರಿಸಲು ನ್ಯಾಯಶಾಸ್ತ್ರವು ಒಡಂಬಡದು. ಆದಕಾರಣ ಶಬ್ದಪ್ರಮಾಣವನ್ನು ಬದಿಗಿರಿಸಿ, ಪುಟಗಳ ಮೇಲಿನ ಕಲೆಗಳನ್ನೇ ಹೇತುವಾಗಿಸಿ, ಅನುಮಾನಪ್ರಮಾಣದಿಂದ ಇಲ್ಲಿ ವಿಚಾರವನ್ನು ಆರಂಭಿಸಲಾಗಿದೆ.

ಇದಕ್ಕೆ ಪೂರ್ವಪಕ್ಷಿಗಳು ಗಾಜಿನ ಬೀರುವಿನ ಒಡೆಯರು. ವಿಧಿವತ್ತಾಗಿ ಓದದೆಯೇ ಕಾವ್ಯಪ್ರಯೋಗದಲ್ಲಿ ಬಲ್ಲಿದರೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಈ ನಾಡಿಗರನ್ನು ಕೊಂಡಾಡಿರುವಾಗ, ಓದಿ ಆ ಕೀರ್ತಿಗೆ ಕುಂದು ತರುವುದೇಕೆಂದು ಅವರು ಆಕ್ಷೇಪಿಸುವರು. ಶಾಸ್ತ್ರವಾಕ್ಯವನ್ನು ಬೀರುವಿನ ಬೀಗವಾಗಿಸಿಕೊಂಡವರೊಡನೆ ವಾದವು ನಿಷ್ಫಲ.

ಸಿದ್ಧಾಂತವು ಪಂಚಾವಯವಗಳಿಂದ ಕೂಡಿದೆ. ಈ ಪುಸ್ತಕವು ಪ್ರಿಯವಾದುದು, ಇದು ಪ್ರತಿಜ್ಞೆ. ಕಲೆಯುಳ್ಳದ್ದಾದುದರಿಂದ, ಇದು ಹೇತು. ಎಲ್ಲೆಲ್ಲಿ ಕಲೆಯೋ ಅಲ್ಲಲ್ಲಿ ಪ್ರೀತಿ, ನಮ್ಮ ಮನೆಯ ಗದುಗಿನ ಭಾರತದಲ್ಲಿರುವಂತೆ, ಇದು ಉದಾಹರಣೆ. ಇದೂ ಅಂತಹುದೇ, ಇದು ಉಪನಯ. ಆದುದರಿಂದ ಪ್ರಿಯವೇ, ಇದು ನಿಗಮನ. ಅಂತಃಪುರದಲ್ಲಿ ಪೌರುಷ ಕೊಚ್ಚಿಕೊಂಡ ಉತ್ತರಕುಮಾರನು ಕೌರವಸೇನೆಯನ್ನು ಕಂಡು ರಥದಿಂದ ಧುಮುಕುವ ಎಡೆಯಲ್ಲಿ, ನಕ್ಕ ರಭಸಕ್ಕೆ ಕೈಜಾರಿದ ಕೊಡುಬಳೆಯ ಎಣ್ಣೆಯು ಮೂರು ಪುಟಗಳವರೆಗೆ ಇಳಿದಿದೆ. ಇಟ್ಟ ಪದವನ್ನು ಅಳಿಸದ ಅಗ್ಗಳಿಕೆ ಕುಮಾರವ್ಯಾಸನದಾದರೆ, ಬಿದ್ದ ಕಲೆಯನ್ನು ಅಳಿಸದ ಅಗ್ಗಳಿಕೆ ವಾಚಕನದು. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಅಂಚಿನಲ್ಲಿ ಕಾಣುವ ಕೆಂಪು ಬಿಂದುವಾದರೋ, ನಡುರಾತ್ರಿಯಲ್ಲಿ ಮಲಗಿ ಓದುತ್ತ, ಪಂಕ್ತಿಯಿಂದ ಕಣ್ಣು ಕೀಳದೆಯೇ ಸಂಹರಿಸಿದ ಸೊಳ್ಳೆಯ ಸ್ಮಾರಕ.

ಆದರೆ ಹೇತ್ವಾಭಾಸದ ಕುರಿತು ಎಚ್ಚರವು ಅವಶ್ಯ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ಕಿಟೆಲ್ ನಿಘಂಟಿನ ಹಳೆಯ ಪ್ರತಿಯೊಂದು ಮನೆಯಲ್ಲಿದ್ದು, ಅದರ ರಟ್ಟಿನ ಮೇಲೆ ಕಾಫಿಲೋಟದ ವರ್ತುಲಗಳು ಅನೇಕವಾಗಿ ಶೋಭಿಸುತ್ತಿರುವುವಾದರೂ, ಅವು ಗ್ರಂಥದ ಗಾತ್ರಕ್ಕೆ ಸಂದ ಗೌರವವೇ ಹೊರತು ಅಧ್ಯಯನದ ಲಕ್ಷಣವಲ್ಲ. ಆದುದರಿಂದ ರಟ್ಟಿನ ಮೇಲಿನ ಕಲೆಯು ವ್ಯಭಿಚಾರಿ ಹೇತು. ಒಳಪುಟದ ಕಲೆಯೊಂದೇ ಸದ್ಧೇತು.

ಇನ್ನು ಎರವಲು ಪ್ರಕರಣ. ಕೊಂಡೊಯ್ದ ಪುಸ್ತಕವನ್ನು ನಿಷ್ಕಳಂಕವಾಗಿ ಹಿಂದಿರುಗಿಸಿದವನು ಓದಿಲ್ಲವೆಂಬುದು ಸಿದ್ಧ. ಅವನು ಅಧಮ ವಾಚಕ. ಸಾರಿನ ಕಲೆಯೊಡನೆ ಹಿಂದಿರುಗಿಸಿದವನು ಓದಿದನಾದರೂ ಅಗಲಬಲ್ಲಷ್ಟೇ ಪ್ರೀತಿಸಿದನಾದುದರಿಂದ ಮಧ್ಯಮ. ಕಲೆಯನ್ನು ತೋರಿಸುವ ಸಂದರ್ಭವೇ ಒದಗದಂತೆ ಹಿಂದಿರುಗಿಸದೆ ಉಳಿಸಿಕೊಂಡವನು ಉತ್ತಮ. ಈ ತಾರತಮ್ಯವನ್ನು ಲೋಕವು ಬೇರೆ ಹೆಸರಿನಿಂದ ನಿಂದಿಸುವುದುಂಟು. ಶಾಸ್ತ್ರಕ್ಕೆ ಲೋಕಾಪವಾದದ ಭಯವಿಲ್ಲ. ಮೇಲೆ ಉದಾಹರಿಸಿದ ಭಾರತ, ಕಾದಂಬರಿ, ನಿಘಂಟುಗಳ ಮೊದಲ ಪುಟದಲ್ಲಿ ಮೂವರು ಬೇರೆ ಬೇರೆ ಮಹನೀಯರ ಸಹಿಗಳಿದ್ದು, ಅವುಗಳಲ್ಲಿ ಒಂದೂ ಪ್ರಸ್ತುತ ಶಾಸ್ತ್ರಕಾರನದಲ್ಲವೆಂಬುದನ್ನು, ಉತ್ತಮಾಧಿಕಾರಿಗೆ ಉಚಿತವಾದ ವಿನಯದಿಂದ, ಇಲ್ಲಿ ನಿವೇದಿಸಲಾಗಿದೆ.